ಎನ್‌ಎಸ್‌ಎಸ್ ಸ್ವಯಂಸೇವಕರ ಓದು ಡಿಗ್ರಿಗೇ ಯಾಕೆ ನಿಲ್ಲುತ್ತದೆ, ಏನು ಮಾಡಬೇಕು

ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಏಳು ದಿನದ ವಿಶೇಷ ಶಿಬಿರದಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಧ್ವಜ ಕಟ್ಟುವವರು, ಚರಂಡಿಗೆ ಮೊದಲು ಇಳಿಯುವವರು, ಸಂಜೆ ಊರವರ ಮುಂದೆ ಅಂಜದೆ ಮೈಕ್ ಹಿಡಿಯುವವರು ಯಾರು ಅಂತ ಪ್ರತಿ ಕಾಲೇಜಿಗೂ ಗೊತ್ತಿರುತ್ತದೆ. ನೂರು ಜನರ ಘಟಕದಲ್ಲಿ ಅಂಥ ಹತ್ತು ಹದಿನೈದು ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಡಿಗ್ರಿ ಮುಗಿದ ವರ್ಷದ ಮೇಲೆ ಅವರಲ್ಲಿ ಎಷ್ಟು ಮಂದಿ ಎಂ.ಎ., ಎಂ.ಎಸ್ಸಿ., ಎಂ.ಎಸ್.ಡಬ್ಲ್ಯು., ಬಿ.ಇಡಿ. ತರಗತಿಯಲ್ಲಿ ಕೂತಿದ್ದಾರೆ ಎಂಬ ಲೆಕ್ಕ ಮಾತ್ರ ಘಟಕದ ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ. ಆ ಕಾಲಂ ಇರಬೇಕು.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈ ಮಕ್ಕಳಿಗೆ ಬುದ್ಧಿಯ ಕೊರತೆ ಇಲ್ಲ, ಆಸೆಯ ಕೊರತೆಯೂ ಇಲ್ಲ. ಅವರ ಓದು ನಿಲ್ಲುವುದು ಬಹಳ ಸಲ ಸಣ್ಣ ಜಾಗದಲ್ಲಿ: ತಪ್ಪಿಹೋದ ಒಂದು ಕೊನೇ ದಿನಾಂಕ, ಎರಡು ದಾಖಲೆಗಳಲ್ಲಿ ಎರಡು ತರ ಇರುವ ಹೆಸರು, ಪ್ರವೇಶದ ದಿನ ಕೈಯಲ್ಲಿಲ್ಲದ ಕೆಲವು ಸಾವಿರ ರೂಪಾಯಿ. ಇವನ್ನೆಲ್ಲ ಕಾಲೇಜಿನ ಘಟಕದ ಮಟ್ಟದಲ್ಲೇ ಸರಿಮಾಡಬಹುದು. ಘಟಕ ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿಗಳಿಗೂ ಸ್ವಯಂಸೇವಕರಿಗೂ ಕೆಲಸಕ್ಕೆ ಬರಲಿ ಅಂತ ಇದನ್ನು ಬರೆದಿದೆ.

ಮೊದಲು ಸಮಯದ ವಿಚಾರ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಅಂದರೆ ಇದು ಹುಟ್ಟಿದ್ದೇ ಓದಿನ ಮನೆಯೊಳಗೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಎಂಬುದು ಎಲ್ಲರಿಗೂ ಗೊತ್ತು. ಆ 120ರಲ್ಲಿ 20 ಗಂಟೆ ಸ್ವಯಂಸೇವಕರ ಪರಿಚಯ ತರಬೇತಿಗೆ, 30 ಗಂಟೆ ಕಾಲೇಜಿನ ಆವರಣದ ಕೆಲಸಕ್ಕೆ, 70 ಗಂಟೆ ಊರಿನ ಕೆಲಸಕ್ಕೆ ಎಂಬ ಹಂಚಿಕೆ ಅಷ್ಟಾಗಿ ನೆನಪಿರುವುದಿಲ್ಲ. ತರಬೇತಿಯ 20 ಗಂಟೆ ಹೆಚ್ಚಾಗಿ ಉದ್ಘಾಟನೆ, ಹಾರ, ಅತಿಥಿಗಳ ಭಾಷಣದಲ್ಲೇ ಕಳೆದುಹೋಗುತ್ತದೆ. ಅದರಲ್ಲಿ ನಾಲ್ಕು ಗಂಟೆಯನ್ನು ಮುಂದಿನ ಓದಿಗೆ ಅಂತಲೇ ತೆಗೆದಿಡಿ. ಒಂದು ಗಂಟೆ ಯಾವ ಕೋರ್ಸು ಎಲ್ಲಿದೆ ಎಂಬುದಕ್ಕೆ, ಒಂದು ಗಂಟೆ ಕಾಗದಪತ್ರಕ್ಕೆ, ಒಂದು ದುಡ್ಡಿನ ಲೆಕ್ಕಕ್ಕೆ, ಕೊನೆಯದು ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ಅವರವರ ಲಾಗಿನ್ ಮಾಡಿಸುವುದಕ್ಕೆ. ಇದನ್ನು ಎರಡನೇ ವರ್ಷದ ಆರಂಭದಲ್ಲೇ ಮಾಡಬೇಕು. ಕೊನೆಯ ವರ್ಷಕ್ಕೆ ಬಿಟ್ಟರೆ ಹೆಸರು ತಿದ್ದುಪಡಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರದಂಥ ತಿಂಗಳುಗಟ್ಟಲೆ ಹಿಡಿಯುವ ಕೆಲಸಗಳು ಅರ್ಜಿ ಕರೆದಾಗಲೂ ಅರ್ಧಕ್ಕೇ ನಿಂತಿರುತ್ತವೆ.

ಶಿಬಿರದಲ್ಲೂ ಒಂದು ಸಂಜೆ ಬೇಕು. ಏಳು ಸಂಜೆಗೆ ಏಳು ಉಪನ್ಯಾಸ ಇಡುತ್ತೇವೆ. ನಾಲ್ಕನೇ ದಿನದ ಉಪನ್ಯಾಸ ತೆಗೆದು, ಅದೇ ಘಟಕದಲ್ಲಿದ್ದು ಈಗ ಸ್ನಾತಕೋತ್ತರ ಓದುತ್ತಿರುವ ಇಬ್ಬರನ್ನು ಕರೆಸಿ ಕೂರಿಸಿ. ನಾಲ್ಕನೇ ದಿನವೇ ಯಾಕೆ ಅಂದರೆ, ಮೊದಲೆರಡು ದಿನ ಅಡುಗೆ, ನೀರು, ಮಲಗುವ ಜಾಗ ಹೊಂದಿಸುವುದರಲ್ಲಿ ಯಾರಿಗೂ ಕಿವಿ ಇರುವುದಿಲ್ಲ. ಕೊನೆಯ ಎರಡು ದಿನ ಮನಸ್ಸೆಲ್ಲ ನಾಟಕ, ಹಾಡು, ಸಮಾರೋಪದ ಮೇಲೆ. ನಡುವಿನ ದಿನ ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ ಕೂತರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಬಂದವರು ಭಾಷಣ ಮಾಡುವುದು ಬೇಡ. ಹಾಸ್ಟೆಲ್ ಸಿಕ್ಕಿದ್ದು ಹೇಗೆ, ಮೊದಲ ಕಂತಿನ ಫೀ ಎಷ್ಟು ಕಟ್ಟಿದರು, ಮನೆಯಲ್ಲಿ ಏನಂದರು, ಇಷ್ಟು ಹೇಳಿದರೆ ಸಾಕು.

ಇನ್ನು ಡೈರಿ. ಸ್ವಯಂಸೇವಕರು ಬರೆಯುವ ಕೆಲಸದ ಡೈರಿಯನ್ನು ಗಂಟೆ ಎಣಿಸುವ ಪುಸ್ತಕವೆಂದು ನೋಡುವುದೇ ದೊಡ್ಡ ನಷ್ಟ. ಹೆಚ್ಚಿನ ಡೈರಿಗಳಲ್ಲಿ ಇರುವುದು ಇಷ್ಟೇ: "ಇಂದು ಗ್ರಾಮದಲ್ಲಿ ನೀರಿನ ಬಗ್ಗೆ ಜಾಗೃತಿ ಮೂಡಿಸಲಾಯಿತು. ಸ್ವಚ್ಛತೆ ಮಾಡಲಾಯಿತು. ಗಂಟೆ: 4." ಈ ಸಾಲಿನಿಂದ ಮುಂದೆ ಏನೂ ಹುಟ್ಟುವುದಿಲ್ಲ. ಅದೇ ದಿನವನ್ನು ಹೀಗೆ ಬರೆದರೆ ನೋಡಿ: "ಊರಿನ ಕೈಪಂಪು 6. ಎರಡು ಕೆಟ್ಟಿವೆ. ಶಾಲೆ ಹತ್ತಿರದ ಪಂಪಿನ ನೀರಲ್ಲಿ ಫ್ಲೋರೈಡ್ ಕಿಟ್ ಬಣ್ಣ ಹಳದಿ ಕಡೆ ತಿರುಗಿತು, ಬಸವಣ್ಣನ ಗುಡಿ ಪಂಪಿನಲ್ಲಿ ಗುಲಾಬಿ ಹಾಗೇ ಉಳಿಯಿತು. ಶಾಲೆ ಪಂಪಿನ ನೀರು ಕುಡಿಯುವ ಮನೆ 22. ಅದರಲ್ಲಿ ಹಲ್ಲು ಕಂದು ಇರುವ ಮಕ್ಕಳು ಎಷ್ಟು, ನಾಳೆ ಎಣಿಸಬೇಕು." ಬರೆದವರು ಬಿ.ಎಸ್ಸಿ. ಓದುವವರಾದರೆ ಎಂ.ಎಸ್ಸಿ. ರಸಾಯನಶಾಸ್ತ್ರದ ಪ್ರಾಜೆಕ್ಟ್ ಅಲ್ಲೇ ಮೊಳಕೆಯೊಡೆದಿದೆ. ಬಿ.ಎ. ಓದುವವರಾದರೆ ಎಂ.ಎಸ್.ಡಬ್ಲ್ಯು. ಅಥವಾ ಸಾರ್ವಜನಿಕ ಆರೋಗ್ಯದ ಸಂದರ್ಶನದಲ್ಲಿ "ನೀವು ಯಾಕೆ ಈ ಕೋರ್ಸಿಗೆ ಬಂದಿರಿ" ಎಂದು ಕೇಳಿದಾಗ ಹೇಳಲು ಸ್ವಂತದ್ದೊಂದು ಉತ್ತರವಿದೆ.

ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಹಲ್ಲು ಕಂದಾಗಿಸುವ ಫ್ಲೋರೈಡ್ ತೊಂದರೆ ಹಳೆಯದು, ಹಾಗಾಗಿ ಈ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಕಲಿಸಬೇಕು. ಪಂಪನ್ನು ಎರಡು ಮೂರು ನಿಮಿಷ ಹೊಡೆದು, ಕೊಳವೆಯಲ್ಲಿ ನಿಂತ ನೀರು ಹೊರಗೆ ಹೋದ ಮೇಲೆ ಮಾದರಿ ಹಿಡಿಯಬೇಕು. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಏಕೆಂದರೆ ಫ್ಲೋರೈಡ್ ಗಾಜಿನ ಜೊತೆ ವರ್ತಿಸಿ ಅಳತೆ ತಪ್ಪಬಹುದು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ, ಚೀಟಿಯಲ್ಲಿ ಊರು, ಪಂಪಿನ ಗುರುತು, ದಿನ, ಸಮಯ ಬರೆದು ಅಂಟಿಸಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಕಿಟ್ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು, ಆದರೆ ಅದು ಹೇಳುವುದು ಅಂದಾಜು ಮಾತ್ರ. ಸಂಶಯ ಬಂದ ಮಾದರಿಯನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬೇಕು. ಹೀಗೆ ಒಂದು ಸಲ ಮಾಡಿದ ವಿದ್ಯಾರ್ಥಿಗೆ ಸಂಶೋಧನಾ ವಿಧಾನ ಎಂದರೇನು ಅಂತ ಎಂ.ಎಸ್ಸಿ.ಯಲ್ಲಿ ಮತ್ತೆ ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಇತಿಹಾಸದವರಿಗೆ ನಮ್ಮ ನೆಲದಷ್ಟು ದೊಡ್ಡ ತರಗತಿ ಬೇರೆಲ್ಲೂ ಇಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ. ಬಳ್ಳಾರಿ ಪಕ್ಕದ ಸಂಗನಕಲ್ಲು ನವಶಿಲಾಯುಗದ ನೆಲೆ, ಕುಡತಿನಿಯಲ್ಲಿ ಬೂದಿದಿಬ್ಬ ಇದೆ. ಸ್ಮಾರಕದ ಸುತ್ತ ಕಸ ತೆಗೆದು ಫೋಟೋ ಹಿಡಿದು ಬರುವ ಶ್ರಮದಾನಕ್ಕೆ ಒಂದು ಗಂಟೆ ಹೆಚ್ಚು ಸೇರಿಸಿ, ಕಲ್ಲಿನ ಅಳತೆ, ಸುತ್ತಲಿನ ಬದಲಾವಣೆ, ಊರವರು ಹೇಳುವ ಹೆಸರು ಬರೆಸಿ. ಬಳ್ಳಾರಿಯಲ್ಲಿ ಪ್ರಾಗಿತಿಹಾಸ ಸಂಶೋಧಕ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಅದೇ ವಾರ ಕರೆದುಕೊಂಡು ಹೋದರೆ ಎಂ.ಎ. ಪುರಾತತ್ವ ಎಂಬುದೊಂದು ಇದೆ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ಕಾಗದಪತ್ರ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಹೆಚ್ಚು ಮಂದಿ ಬೀಳುವುದು ಇಲ್ಲೇ.

ಹುಲಿಗೆಮ್ಮ ಎಂಬ ಹೆಸರು ತಗೊಳ್ಳಿ, ಕೊಪ್ಪಳದ ಕಡೆ ತರಗತಿಗೊಬ್ಬಳಾದರೂ ಇರುತ್ತಾಳೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಹುಲಿಗೆಮ್ಮ. ಆಧಾರ್‌ನಲ್ಲಿ ಹುಲಿಗೆವ್ವ. ಜಾತಿ ಆದಾಯ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರೂ ಸೇರಿ ಹುಲಿಗೆಮ್ಮ ಹನುಮಪ್ಪ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಮುಂದೆ ಬಂದಿದೆ. ನಾಲ್ಕೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಆನ್‌ಲೈನ್ ವ್ಯವಸ್ಥೆಗೆ ಮಾತ್ರ ನಾಲ್ವರು. ಜಾತಿ ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಹಾಕಿದಾಗ ಹೆಸರು ಹೊಂದುವುದಿಲ್ಲ, ಮೀಸಲಾತಿ ಬೀಳುವುದಿಲ್ಲ, ಸಾಮಾನ್ಯ ವರ್ಗದ ಫೀ ತೋರಿಸುತ್ತದೆ. ಅದನ್ನು ಕಂಡು ಮನೆಯವರು ಅರ್ಜಿಯನ್ನೇ ಕೈಬಿಡುತ್ತಾರೆ.

ಇದಕ್ಕೆ ಕ್ರಮ ಒಂದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರೇ ಬುನಾದಿ, ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ಅಂಕಪಟ್ಟಿ ತಿದ್ದಿಸುವುದು ಬಹಳ ದೂರದ ದಾರಿ, ಆಧಾರ್ ತಿದ್ದಿಸುವುದು ಹತ್ತಿರದ್ದು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಕೇಂದ್ರಕ್ಕೆ ಹೋಗುವಾಗ ಅಂಕಪಟ್ಟಿಯ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆಪರೇಟರ್ ಟೈಪ್ ಮಾಡಿದ್ದನ್ನು ಪರದೆಯಲ್ಲಿ ಓದಿದ ಮೇಲೇ ಒಪ್ಪಿಗೆ ಕೊಡಬೇಕು. ಆಧಾರ್ ಸರಿಯಾದ ಮೇಲೆ ನಾಡಕಚೇರಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರ, ಅದಾದ ಮೇಲೆ ಬ್ಯಾಂಕ್. ಈ ಕ್ರಮ ತಪ್ಪಿಸಿ ಮೊದಲು ಪ್ರಮಾಣಪತ್ರ ಮಾಡಿಸಿದರೆ ಅದನ್ನು ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪಿಯುಸಿ ಮೊದಲ ವರ್ಷದಲ್ಲಿ ಮಾಡಿಸಿದ್ದು ಡಿಗ್ರಿ ಮುಗಿಯುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಎಂ.ಎ. ಅರ್ಜಿ ಹಾಕುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಮೇಲಿನ ಮೂಲೆಯ ದಿನಾಂಕ ಈಗಲೇ ನೋಡಿಕೊಳ್ಳಿ.

371ಜೆ ಪ್ರಮಾಣಪತ್ರ ಬೇರೆಯೇ ಕಾಗದ, ಜಾತಿ ಆದಾಯದ ಜೊತೆ ತಾನಾಗಿ ಬರುವಂಥದ್ದಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ, ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮವರಿಗೆ. ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗ ಹುಡುಗಿಗೆ ಈ ಶೇ 8 ದೊಡ್ಡ ಬಾಗಿಲು, ಆದರೆ ನಮ್ಮ ಜಿಲ್ಲೆಯಲ್ಲಿ ಓದುವವರೇ ಈ ಪ್ರಮಾಣಪತ್ರ ಬಳಸುವುದು ಎಂಬ ತಪ್ಪು ತಿಳಿವಳಿಕೆ ಬಹಳ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ನಾಡಕಚೇರಿಯಲ್ಲಿ ಹಾಕಿದರೂ ಕೊಡುವವರು ಉಪವಿಭಾಗಾಧಿಕಾರಿ. ರಾಯಚೂರು, ಲಿಂಗಸುಗೂರು, ಕೊಪ್ಪಳ, ಬಳ್ಳಾರಿಗಳಲ್ಲಿ ಅವರ ಕಚೇರಿಗಳಿವೆ. ತಂದೆ ತಾಯಿಯ ವಾಸದ ದಾಖಲೆ, ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದ ಮನೆಯ ಮಕ್ಕಳಿಗೆ ಇಲ್ಲೇ ತೊಡಕು: ನಾಲ್ಕನೇ ತರಗತಿ ಒಂದು ಕಡೆ, ಆರನೇದು ಇನ್ನೊಂದು ಕಡೆ. ಆ ಶಾಲೆಗಳಿಂದ ಪತ್ರ ತರಿಸಲು ಒಂದು ಬೇಸಿಗೆ ರಜೆ ಪೂರ್ತಿ ಬೇಕಾಗುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಮೇಲುಸಹಿಯೊಂದಿಗೆ ಅದೇ ಓಡಾಟದಲ್ಲಿ ಮುಗಿಸಿಕೊಳ್ಳುವುದು ಜಾಣತನ.

ಎನ್‌ಎಸ್‌ಎಸ್ ಪ್ರಮಾಣಪತ್ರದಲ್ಲೂ ಗೊಂದಲ ಇದೆ. ಶಿಬಿರದ ಪ್ರಮಾಣಪತ್ರ ಒಂದು, 240 ಗಂಟೆ ಮುಗಿಸಿದ್ದಕ್ಕೆ ಸಿಗುವುದು ಇನ್ನೊಂದು. ಒಂದೇ ವರ್ಷ ಹೆಸರು ಹಚ್ಚಿ ಶಿಬಿರ ಮಾಡಿ ಬಿಟ್ಟವರಿಗೆ ಎರಡನೆಯದು ಸಿಗುವುದಿಲ್ಲ. ಸಿಗಬೇಕಾದವರಿಗೂ ಅರ್ಜಿ ಹಾಕುವ ಹೊತ್ತಿಗೆ ಬಂದಿರುವುದಿಲ್ಲ. ಕಾರ್ಯಕ್ರಮಾಧಿಕಾರಿ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ನೋಂದಣಿ ವರ್ಷ, ಪೂರೈಸಿದ ಗಂಟೆ, ಶಿಬಿರದ ಊರು ಮತ್ತು ದಿನಾಂಕ ಬರೆದು ತಾತ್ಕಾಲಿಕ ಪತ್ರ ಕೊಟ್ಟರೆ ಆ ಹೊತ್ತಿಗೆ ನಡೆಯುತ್ತದೆ. ಎನ್‌ಎಸ್‌ಎಸ್ ಕೋಟಾದ ಬಗ್ಗೆ ಮಕ್ಕಳಿಗೆ ಸುಮ್ಮನೆ ಆಸೆ ಹುಟ್ಟಿಸಬೇಡಿ. ಅದು ಎಲ್ಲ ಕೋರ್ಸಿಗೂ ಇಲ್ಲ, ಇದ್ದ ಕಡೆ ಗಣರಾಜ್ಯೋತ್ಸವ ಶಿಬಿರದಂಥ ರಾಜ್ಯ, ರಾಷ್ಟ್ರ ಮಟ್ಟದ ಭಾಗವಹಿಸುವಿಕೆ ಕೇಳುವುದು ಹೆಚ್ಚು. ಆಯಾ ವರ್ಷದ ಪ್ರವೇಶ ಅಧಿಸೂಚನೆಯಲ್ಲಿ ವಿಶೇಷ ವರ್ಗಗಳ ಪುಟ ತೆಗೆದು ಓದಿ. ಅಲ್ಲಿ ಇದ್ದರೆ ಇದೆ. ಅರ್ಜಿ ತುಂಬುವಾಗಲೇ ಆ ಕಾಲಂ ಗುರುತು ಮಾಡದಿದ್ದರೆ ಆಮೇಲೆ ಪ್ರಮಾಣಪತ್ರ ತೋರಿಸಿ ಪ್ರಯೋಜನ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ವಿದ್ಯಾರ್ಥಿವೇತನ ಬರುತ್ತದೆ, ಆದರೆ ಪ್ರವೇಶ ಆದ ಮೇಲೆ ಬರುತ್ತದೆ. ಪ್ರವೇಶದ ದಿನ ಕೈಯಿಂದಲೇ ಕೊಡಬೇಕಾದದ್ದು ಇದ್ದೇ ಇರುತ್ತದೆ: ಫೀಯ ಒಂದು ಭಾಗ, ವಿಶ್ವವಿದ್ಯಾಲಯ ಬದಲಿಸುವಾಗ ಬೇಕಾಗುವ ವಲಸೆ ಪ್ರಮಾಣಪತ್ರದ ಶುಲ್ಕ, ಬಸ್ಸು, ಹಾಸ್ಟೆಲ್ ಸಿಗುವವರೆಗಿನ ಬಾಡಿಗೆ. ತುಂಗಭದ್ರಾ ಕಾಲುವೆ ಕೆಳಗಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಮನೆಗಳಲ್ಲಿ ದುಡ್ಡು ಕಾಣುವುದು ಮುಂಗಾರಿನ ಭತ್ತ ಮಾರಿದಾಗ, ಡಿಸೆಂಬರ್ ಜನವರಿಯಲ್ಲಿ. ಫೀ ಕೇಳುವುದು ನಾಟಿಯ ಕೂಲಿ, ಗೊಬ್ಬರಕ್ಕೆ ಸಾಲ ಮಾಡಿ ಕೂತ ಆಗಸ್ಟ್ ಸೆಪ್ಟೆಂಬರಿನಲ್ಲಿ. ಎರಡನೇ ಬೆಳೆಗೆ ನೀರು ಬಿಡದ ವರ್ಷವಾದರಂತೂ ಹೇಳುವುದೇ ಬೇಡ. "ಈ ವರ್ಷ ಆಗಂಗಿಲ್ಲವ್ವ, ಮುಂದಿನ ವರ್ಷ ನೋಡೂಣು" ಎಂಬ ಮಾತು ಬರುವುದು ಆ ತಿಂಗಳಲ್ಲೇ. ಅದಕ್ಕೆ ಕೊನೆಯ ವರ್ಷ ಶುರುವಾದ ತಿಂಗಳಿನಿಂದಲೇ ಅಂಚೆ ಕಚೇರಿಯಲ್ಲಿ ಸ್ವಂತ ಹೆಸರಿನ ಉಳಿತಾಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕಿದರೆ ಹನ್ನೆರಡು ತಿಂಗಳಿಗೆ 6,000 ಆಗುತ್ತದೆ. ಮೊದಲ ದಿನದ ಗಂಡಾಂತರ ದಾಟಲು ಅದು ಬಹುಪಾಲು ಸಾಕು.

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೂ ಹಣ ಬಾರದಿರುವುದಕ್ಕೆ ಎರಡು ಸಾಮಾನ್ಯ ಕಾರಣ. ಒಂದು, ದಾಖಲೆಗಳ ಇ-ದೃಢೀಕರಣ ಆಗಿರುವುದಿಲ್ಲ. ಅದನ್ನು ಕಾಲೇಜಿನಲ್ಲಿ ಅದಕ್ಕೆಂದೇ ನೇಮಿಸಿದವರು ಮಾಡಿ, ಆ ಸಂಖ್ಯೆ ಕೊಡಬೇಕು. ಎರಡು, ಆಧಾರ್ ಜೋಡಣೆ ಬೇರೆ ಖಾತೆಗೆ ಇರುತ್ತದೆ. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾವುದೋ ಸಿಮ್ ಕೊಳ್ಳುವಾಗ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೆ ಹೋಗಿ ಕೂತದ್ದೂ ಉಂಟು. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಲು ಎರಡು ನಿಮಿಷ ಸಾಕು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ ನೆರವಾಗುವ ವಿದ್ಯಾಸಿರಿ ಇದೆ. ಆದರೆ ಹಾಸ್ಟೆಲಿಗೆ ಅರ್ಜಿ ಹಾಕುವುದನ್ನು ಬಿಡಬೇಡಿ. ಅಡುಗೆ, ಬಾಡಿಗೆ, ಕರೆಂಟು ಎಲ್ಲ ಸೇರಿದರೆ ಹಾಸ್ಟೆಲಿನ ಬೆಲೆ ಯಾವ ನಗದು ನೆರವಿಗಿಂತ ದೊಡ್ಡದು.

ಯುವನಿಧಿಯ ಬಗ್ಗೆ ಬಿಚ್ಚಿ ಮಾತಾಡಬೇಕು. 2024ರ ಜನವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇದು ಇಲ್ಲ. ಬಡ ಮನೆಯಲ್ಲಿ 24 ತಿಂಗಳಿಗೆ 72,000 ರೂಪಾಯಿ ಎಂಬ ಲೆಕ್ಕ ಕಣ್ಣಮುಂದೆ ನಿಲ್ಲುವುದು ತಪ್ಪಲ್ಲ, ಅದನ್ನು ಆಸೆಬುರುಕತನ ಅನ್ನಬಾರದು. ಆದರೆ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಿ: ಆ ಎರಡು ವರ್ಷ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಅದೇ ಪದವಿ. ಅದೇ ಎರಡು ವರ್ಷದಲ್ಲಿ ಎಂ.ಎ. ಮುಗಿಸಿ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಫೆಲೋಶಿಪ್ ಬಂದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ. ಎಲ್ಲರಿಗೂ ಜೆಆರ್‌ಎಫ್ ಬರುವುದಿಲ್ಲ, ನಿಜ. ಬಿ.ಇಡಿ. ಆದರೂ ಶಿಕ್ಷಕ ನೇಮಕಾತಿಗೆ ಅರ್ಹತೆ ಸಿಗುತ್ತದೆ. ಈ ಎರಡು ಲೆಕ್ಕವನ್ನು ಹಾಳೆಯ ಎರಡು ಬದಿಗೆ ಬರೆದು ತಂದೆ ತಾಯಿಯ ಮುಂದೆ ಇಟ್ಟರೆ ಅವರು ಸರಿಯಾಗೇ ಯೋಚಿಸುತ್ತಾರೆ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಅದರ ಅರ್ಜಿ ಡಿಸೆಂಬರ್, ಜನವರಿ ಸುಮಾರಿಗೆ ತೆರೆದು, ಪರೀಕ್ಷೆ ಮಾರ್ಚ್‌ನಲ್ಲಿ ಮುಗಿದುಹೋಗುತ್ತಿದೆ. ಜನವರಿ ಪೂರ್ತಿ ನಮ್ಮ ಅತ್ಯುತ್ತಮ ಸ್ವಯಂಸೇವಕರು ಎಲ್ಲಿರುತ್ತಾರೆ? ದೆಹಲಿಯ ಗಣರಾಜ್ಯೋತ್ಸವ ಶಿಬಿರದಲ್ಲಿ, ಅಥವಾ ಊರಿನ ವಿಶೇಷ ಶಿಬಿರದ ತಯಾರಿಯಲ್ಲಿ. ಡಿಗ್ರಿ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕೋಣ ಎಂದು ಕಾದವರಿಗೆ ಕಲಬುರಗಿ ಬಳಿಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಬಾಗಿಲು ಆರು ತಿಂಗಳ ಮುಂಚೆಯೇ ಮುಚ್ಚಿರುತ್ತದೆ. ಕೊನೆಯ ವರ್ಷ ಓದುತ್ತಿರುವವರು ಅರ್ಜಿ ಹಾಕಬಹುದು, ಫಲಿತಾಂಶ ಆಮೇಲೆ ಕೊಟ್ಟರಾಯಿತು. ಘಟಕದಲ್ಲಿ ಒಬ್ಬರಿಗೆ ಡಿಸೆಂಬರ್ ಮೊದಲಿನಿಂದಲೇ ವಾರಕ್ಕೆರಡು ಸಲ ಜಾಲತಾಣ ನೋಡುವ ಜವಾಬ್ದಾರಿ ಕೊಡಿ. ಶಿಬಿರಕ್ಕೆ ಹೊರಡುವವರು ಫೋಟೋ, ಸಹಿ, ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡೇ ಹೊರಡಲಿ.

ಆ ಪರೀಕ್ಷೆಯಲ್ಲಿ 75 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಸೋಲುವುದು ವಿಷಯ ಗೊತ್ತಿಲ್ಲದೆ ಅಲ್ಲ, ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಸಮಯ ಮುಗಿದು. ತಮ್ಮ ವಿಷಯದ ಇನ್ನೂರು ಮುನ್ನೂರು ಪಾರಿಭಾಷಿಕ ಪದಗಳನ್ನು ಕನ್ನಡ ಇಂಗ್ಲಿಷ್ ಜೋಡಿಯಾಗಿ ಬರೆದು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬಿಡಿಸಿದರೆ ವೇಗ ಬರುತ್ತದೆ. ಇದಕ್ಕೆ ಕೋಚಿಂಗ್ ಬೇಕಿಲ್ಲ. ಗ್ರಂಥಾಲಯದ ಒಂದು ಟೇಬಲ್, ಸಂಜೆ ಒಂದು ಗಂಟೆ, ನಾಲ್ಕು ಜನ ಜೊತೆಯಾದರೆ ಆಯಿತು.

ಹತ್ತಿರದಲ್ಲೇ ಓದುವ ದಾರಿಗಳೂ ಈಗ ಮೊದಲಿನ ಹಾಗಿಲ್ಲ. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಿಂದ ಇದೆ. ರಾಯಚೂರಿಗೆ ಯರಗೇರಾ ಆವರಣದ ಸ್ವಂತ ವಿಶ್ವವಿದ್ಯಾಲಯ ಬಂತು, ಅದಕ್ಕೀಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರು. ಕೊಪ್ಪಳ ವಿಶ್ವವಿದ್ಯಾಲಯ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿದೆ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಕನ್ನಡದಲ್ಲೇ ಸಂಶೋಧನೆ ಮಾಡಬೇಕೆನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಎನ್‌ಎಸ್‌ಎಸ್‌ನಲ್ಲಿ ನಿಜಕ್ಕೂ ಮನಸ್ಸಿಟ್ಟು ದುಡಿದವರಿಗೆ ನಾನು ಮೊದಲು ಹೇಳುವ ಹೆಸರು ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಸಮಾಜಕಾರ್ಯ, ಗ್ರಾಮೀಣಾಭಿವೃದ್ಧಿ, ಸಾರ್ವಜನಿಕ ಆರೋಗ್ಯ ಎಲ್ಲ ಒಂದೇ ಕಡೆ ಇವೆ, ಕೊಪ್ಪಳದಿಂದ ಒಂದೇ ರೈಲು. ಶಿಬಿರದಲ್ಲಿ ಕಾನೂನು ಅರಿವು, ಬಾಲ್ಯವಿವಾಹ ತಡೆಯ ಕೆಲಸದಲ್ಲಿ ಹುರುಪು ತೋರಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವಾಗ ವಲಸೆ ಪ್ರಮಾಣಪತ್ರ ಬೇಕೆಂಬುದನ್ನು ಮರೆಯಬೇಡಿ. ಕೊಪ್ಪಳದ ಎಷ್ಟೋ ಕಾಲೇಜುಗಳ ಹಳೆಯ ಬ್ಯಾಚಿನವರ ಅಂಕಪಟ್ಟಿ ಬಳ್ಳಾರಿ ವಿಶ್ವವಿದ್ಯಾಲಯದ್ದು, ಹೊಸಬರದ್ದು ಕೊಪ್ಪಳದ್ದು. ತಮ್ಮದು ಯಾವುದು ಎಂದು ನೋಡದೆ ಬೇರೆ ಕಚೇರಿಯ ಮುಂದೆ ಸಾಲು ನಿಲ್ಲುವುದು ಬೇಡ.

ಎಂ.ಎ., ಎಂ.ಎಸ್ಸಿ.ಗೆ ಸೇರಿದವರಿಗೆ ಮೊದಲ ದಿನವೇ ಹೇಳಬೇಕಾದ ಒಂದು ಅಂಕಿ: ಅಧ್ಯಾಪಕರ ಅರ್ಹತೆಯ ನೆಟ್, ರಾಜ್ಯದ ಕೆ-ಸೆಟ್ ಎರಡಕ್ಕೂ ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಪರಿಶಿಷ್ಟರು ಮತ್ತು ಹಿಂದುಳಿದವರಿಗೆ ಶೇ 50. ಶೇ 49ಕ್ಕೆ ನಿಂತು ಆಮೇಲೆ ಪರಿತಪಿಸುವವರನ್ನು ನೋಡುವುದು ಬಹಳ ಸಂಕಟದ ವಿಷಯ. ಹಾಜರಾತಿ, ಆಂತರಿಕ ಅಂಕದ ವಿಚಾರವೂ ಇದೇ. ಡಿಗ್ರಿಯಲ್ಲೇ ಶಿಬಿರ, ಜಾಥಾ ಎಂದು ತರಗತಿ ತಪ್ಪಿಸಿದ ಸ್ವಯಂಸೇವಕರ ಹಾಜರಾತಿ ಪತ್ರವನ್ನು ಕಾರ್ಯಕ್ರಮಾಧಿಕಾರಿ ಅದೇ ವಾರ ವಿಭಾಗಗಳಿಗೆ ಕಳಿಸಬೇಕು. ಸೆಮಿಸ್ಟರ್ ಕೊನೆಗೆ ಒಟ್ಟಿಗೆ ಕಳಿಸಿದರೆ ಅಷ್ಟರಲ್ಲಿ ಆಂತರಿಕ ಅಂಕ ಹೋಗಿಬಿಟ್ಟಿರುತ್ತದೆ. ಊರಿಗಾಗಿ ದುಡಿದ ವಿದ್ಯಾರ್ಥಿ ಅದೇ ಕಾರಣಕ್ಕೆ ಅಂಕ ಕಳಕೊಳ್ಳುವುದು ದೊಡ್ಡ ಅನ್ಯಾಯ.

ಹುಡುಗಿಯರ ಮನೆಯ ಮಾತು ಬೇರೆ. ಅಲ್ಲಿ ಪ್ರಶ್ನೆ ಫೀಯದಲ್ಲ, ದೂರ ಮತ್ತು ಮದುವೆ. ಶಕ್ತಿ ಯೋಜನೆಯಿಂದ 2023ರ ಜೂನ್ 11ರ ನಂತರ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಅಂದರೆ ಸಿರುಗುಪ್ಪದಿಂದ ಬಳ್ಳಾರಿಗೆ, ಮಾನ್ವಿಯಿಂದ ರಾಯಚೂರಿಗೆ ದಿನಾ ಹೋಗಿಬರುವ ಖರ್ಚು ಶೂನ್ಯ. ಇದನ್ನು ಮನೆಯಲ್ಲಿ ಕೂತು ಬಾಯಿಬಿಟ್ಟು ಹೇಳಬೇಕು. ಹೇಳಲು ಹೋಗುವವರು ಕಾಲೇಜಿನ ಒಬ್ಬ ಮಹಿಳಾ ಅಧ್ಯಾಪಕಿ ಮತ್ತು ಆ ಊರಿನಿಂದಲೋ ಪಕ್ಕದ ಊರಿನಿಂದಲೋ ಈಗಾಗಲೇ ಹೋಗಿ ಬರುತ್ತಿರುವ ಒಬ್ಬ ಹುಡುಗಿ. ಬಸ್ಸು ಎಷ್ಟಕ್ಕೆ ಬಿಡುತ್ತದೆ, ಎಷ್ಟಕ್ಕೆ ಮರಳಿ ಊರು ಮುಟ್ಟುತ್ತಾಳೆ, ಹಾಸ್ಟೆಲಾದರೆ ಗೇಟು ಎಷ್ಟಕ್ಕೆ ಹಾಕುತ್ತಾರೆ, ಇವೇ ಅವ್ವ ಕೇಳುವ ಪ್ರಶ್ನೆಗಳು. ಸರಿಯಾದ ಗಂಟೆ ನಿಮಿಷ ಹೇಳಬಲ್ಲವರ ಮಾತನ್ನು ನಂಬುತ್ತಾರೆ. ಹೋಗುವುದು ಯುಗಾದಿ ಮುಗಿದ ಮೇಲೆ, ಫಲಿತಾಂಶಕ್ಕೆ ಮುಂಚೆ. ಫಲಿತಾಂಶ ಬಂದು ಗಂಡು ನೋಡಲು ಶುರುವಾದ ಮೇಲೆ ಹೋದರೆ ಆ ಮಾತು ಕೇಳಲು ಯಾರಿಗೂ ಮನಸ್ಸಿರುವುದಿಲ್ಲ. ಹತ್ತು, ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ, ಆದರೆ ಅರ್ಜಿ ಡಿಗ್ರಿಯ ಮೊದಲ ವರ್ಷದಲ್ಲೇ ಹಾಕಬೇಕು. ಆದ್ದರಿಂದ ಎನ್‌ಎಸ್‌ಎಸ್‌ಗೆ ಹೊಸದಾಗಿ ಹೆಸರು ಹಚ್ಚುವ ದಿನವೇ ಇದನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಈಗಾಗಲೇ ಕೆಲಸಕ್ಕೆ ಸೇರಿದವರನ್ನು ಬಿಟ್ಟುಬಿಡಬೇಕಾಗಿಲ್ಲ. ತೋರಣಗಲ್ಲಿನ ಕಾರ್ಖಾನೆ ಕಡೆಯೋ, ಬಳ್ಳಾರಿಯ ಜೀನ್ಸ್ ಘಟಕದಲ್ಲೋ, ಬೆಂಗಳೂರಿನ ಕಟ್ಟಡ ಕೆಲಸದಲ್ಲೋ ಇರುವವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಎರಡೂ ಇವೆ, ಇಗ್ನೋದಲ್ಲಿ ಜನವರಿ, ಜುಲೈ ಎಂದು ವರ್ಷಕ್ಕೆರಡು ಸಲ ಪ್ರವೇಶ. ಕನ್ನಡ, ಇತಿಹಾಸ, ಅರ್ಥಶಾಸ್ತ್ರದಂಥ ವಿಷಯಕ್ಕೆ ದೂರಶಿಕ್ಷಣ ಸರಿಹೋಗುತ್ತದೆ. ಪ್ರಯೋಗಾಲಯ ಬೇಕಾದ ವಿಷಯಕ್ಕೆ ನಾನು ಸಲಹೆ ಮಾಡುವುದಿಲ್ಲ. ಈಗ ದೂರಶಿಕ್ಷಣಕ್ಕೆ ಸೇರುವ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗದ ಡಿಇಬಿ ಐಡಿ ಮಾಡಿಸಬೇಕು, ಅದಕ್ಕೆ ಓದಿನ ಕ್ರೆಡಿಟ್ ಲೆಕ್ಕ ಇಡುವ ಎಬಿಸಿ ಐಡಿ ಬೇಕು. ಎರಡಕ್ಕೂ ಆಧಾರ್‌ಗೆ ಜೋಡಣೆಯಾದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಕೆಲಸಕ್ಕೆ ಊರು ಬಿಡುವಾಗ ಹಳೆ ಸಿಮ್ ಎಸೆದು ಹೊಸ ನಂಬರ್ ತಗೊಂಡವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಓಟಿಪಿ ಹೋಗುವುದು ಹಳೆಯ ನಂಬರಿಗೇ.